ಹಡಗು ಹಿಡಿದಿದ್ದ ಹಗ್ಗ

ಕಲ್ಯಾಣದಲ್ಲಿ ಇಳಿದಾಗ ಬೆಳಕು ಹರಿದಿತ್ತು. ವಿಜಯಪುರದಿಂದ ಇಡೀ ರಾತ್ರಿಯ ಪ್ರಯಾಣ. ಸೋಲಾಪುರದ ತನಕ ನಿದ್ದೆ ಬರಲಿಲ್ಲ, ಆಮೇಲೆ ಎದುರು ಬರ್ತಿನ ಯಜಮಾನರ ಗೊರಕೆ ನಿದ್ದೆ ಮಾಡಗೊಡಲಿಲ್ಲ. ನನ್ನ ತಮ್ಮ ಬಸು ಪ್ಲಾಟ್‌ಫಾರ್ಮಿನಲ್ಲಿ ಕಾಯುತ್ತಿದ್ದ. ರೊಟ್ಟಿಯ ಗಂಟನ್ನೂ ಶೇಂಗಾ ಚಟ್ನಿಯ ಡಬ್ಬಿಯನ್ನೂ ನನ್ನ ಕೈಯಿಂದ ಕಸಿದುಕೊಂಡು, "ಅಕ್ಕಾ, ಲೋಕಲ್ ಬಂತು. ಸೆರಗು ಸಿಗಿಸ್ಕೊ. ನಾ ದೂಡ್ತೇನಿ, ನೀ ಒಳಗ ಹೋಗಿಬಿಡು," ಅಂದ. ಹೇಳಿದಂತೆಯೇ ದೂಡಿದ. ಹತ್ತು ರೂಪಾಯಿಯ ಟಿಕೆಟ್ಟಿನಲ್ಲಿ ಮುಲುಂಡ್ ಮುಟ್ಟುವಷ್ಟರಲ್ಲಿ ನನ್ನ ಒಂದು ಚಪ್ಪಲಿಯ ಉಂಗುಟ ಕಿತ್ತುಹೋಗಿತ್ತು. ಐವತ್ತು ದಾಟಿದ ಹೈಸ್ಕೂಲ್ ಟೀಚರನ್ನು ಜನ ಹೀಗೆ ಮೂಟೆ ನೂಕಿದಂತೆ ನೂಕುತ್ತಾರೆಂದು ನನಗೆ ಯಾರೂ ಹೇಳಿರಲಿಲ್ಲ.

ನಾನು ಇಂಡಿ ತಾಲೂಕಿನ ಒಂದು ಹಳ್ಳಿಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ನಮ್ಮ ಮಕ್ಕಳಿಗೆ ಇಂಗ್ಲಿಷ್ ಎಂದರೆ ಜ್ವರ. ಅದಕ್ಕೇ ಪ್ರತಿ ಶನಿವಾರ ಬೋರ್ಡಿನ ಮೇಲೆ ಒಂದೇ ಒಂದು ಶಬ್ದ ಬರೆದು ಅದರ ಹುಟ್ಟಿನ ಕಥೆ ಹೇಳುವ ಚಟ ಇಟ್ಟುಕೊಂಡಿದ್ದೇನೆ. ಈ ಸಲ ದಸರೆಯ ರಜೆಗೆ ಮುಂಚೆ ಯಾರೋ ಬಂದು ಜಂಕ್ ಫುಡ್ ತಿನ್ನಬೇಡಿ ಎಂದು ಭಾಷಣ ಮಾಡಿ ಹೋದರು. ಅವರು ಹೋದ ಮೇಲೆ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು, "ಜಂಕ್ ಅಂದ್ರ ಏನ್ರಿ ಟೀಚರ್?" ಎಂದು ಕೇಳಿದಳು. ಹುಡುಕಿ ನೋಡಿದರೆ ಅದು ಹಡಗಿನಿಂದ ಇಳಿದು ಬಂದ ಶಬ್ದ. ನಾನೋ, ಹಡಗನ್ನೇ ಕಂಡವಳಲ್ಲ. ಫೋನಿನಲ್ಲಿ ಬಸುನಿಗೆ ಹೇಳಿದಾಗ ಅವನು, "ದಾರೂಖಾನಾದಾಗ ಹಳೇ ಹಡಗು ಒಡೀತಾರ, ಅಲ್ಲಿ ಹಗ್ಗದ ರಾಶಿನ ಐತಿ, ಬಾ ತೋರಸ್ತೇನಿ," ಅಂದ. ತಮ್ಮನನ್ನೂ ನೋಡಿದಂತಾಯಿತು, ಶಬ್ದವನ್ನೂ ನೋಡಿದಂತಾಯಿತು ಎಂದು ಬನ್ನಿ ಹಬ್ಬ ಮುಗಿದ ಮರುದಿನವೇ ಹೊರಟೆ.

ಬಸು ನನಗಿಂತ ಹದಿನಾಲ್ಕು ವರ್ಷ ಚಿಕ್ಕವನು. ಅವ್ವ ತೀರಿಕೊಂಡ ಮೇಲೆ ಅವನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವಳು ನಾನು. ಮುಂಬಯಿಗೆ ಬಂದು ಪೇಂಟಿಂಗ್ ಕೆಲಸ ಹಿಡಿದು ವರ್ಷಗಳಾದವು. ಮುಲುಂಡಿನ ಗುಡ್ಡದ ಬುಡದಲ್ಲಿ ಒಂದು ಚಾಳಿನ ಎರಡು ಖೋಲಿಗಳಲ್ಲಿ ಅವನೂ ಹೆಂಡತಿ ಶೋಭಾಳೂ ಇದ್ದಾರೆ. ಸ್ನಾನ ಮುಗಿಸಿ, ಅವಲಕ್ಕಿ ತಿನ್ನುತ್ತಾ, "ಈಗ ಕೆಲಸ ಎಲ್ಲಿ ನಡದದ?" ಎಂದು ಕೇಳಿದೆ. "ಘಾಟ್ಕೋಪರ್. ಹನ್ನೆರಡು ಮಾಳಿಗಿ ಬಿಲ್ಡಿಂಗು," ಅಂದ ಬಸು. ಶೋಭಾ ಚಹಾದ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಅವಳು ಆ ಮಾತು ತಪ್ಪಿಸಿಕೊಂಡದ್ದು ನನಗೆ ಆಗ ತಿಳಿಯಲಿಲ್ಲ. ಹನ್ನೆರಡು ಮಾಳಿಗೆಗೂ ಬಿದಿರಿನ ಸಾರುವೆ ಕಟ್ಟುತ್ತಾರೆ, ಅದರ ಮೇಲೆ ನಿಂತು ಬಣ್ಣ ಹಚ್ಚುತ್ತಾರೆ ಎಂದೇ ನಾನು ಇಷ್ಟು ವರ್ಷ ತಿಳಿದುಕೊಂಡಿದ್ದೆ.

ಮರುದಿನ ಬಸು ಒಂದು ದಿನದ ರಜೆ ಹಾಕಿದ. ಮುಲುಂಡಿನಿಂದ ಕುರ್ಲಾ, ಅಲ್ಲಿ ಇಳಿದು ಹಾರ್ಬರ್ ಲೈನಿನ ಗಾಡಿ ಹಿಡಿದು ರೇ ರೋಡ್. ನಡು ಹೊತ್ತಿಗೆ ಗಾಡಿ ಖಾಲಿಯಿತ್ತು, ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಮಳೆಗಾಲ ಮುಗಿದ ಮೇಲಿನ ಮುಂಬಯಿಯ ಸೆಕೆ ನಮ್ಮ ಏಪ್ರಿಲ್ಲಿಗಿಂತ ಕೆಟ್ಟದ್ದು, ಬೆವರು ಆರುವುದೇ ಇಲ್ಲ. ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ ತಮ್ಮನಿಗೆ ಪಾಠ ಶುರು ಮಾಡಿದೆ. ಪಾಠ ಹೇಳದೆ ನನಗೆ ಒಂದು ತಾಸೂ ಕಳೆಯುವುದಿಲ್ಲ.

ಹಾಯಿ ಕಟ್ಟಿದ ಹಡಗುಗಳಿದ್ದ ಕಾಲದಲ್ಲಿ ಇಂಗ್ಲಿಷ್ ನಾವಿಕರು ಜಂಕ್ ಎಂದು ಕರೆಯುತ್ತಿದ್ದದ್ದು ಸವೆದುಹೋದ ಹಗ್ಗವನ್ನು. ಒಂದು ಹಡಗಿನಲ್ಲಿ ಹಗ್ಗವೇ ಮೈಲುಗಟ್ಟಲೆ ಇರುತ್ತಿತ್ತು. ಬಿಸಿಲು, ಉಪ್ಪು, ಗಾಳಿ ಹೊಡೆದು ಅದರ ಶಕ್ತಿ ಹೋದ ಮೇಲೆ ತುಂಡು ತುಂಡು ಕತ್ತರಿಸಿ ಒಂದು ಕಡೆ ಹಾಕುತ್ತಿದ್ದರು. ಆ ತುಂಡುಗಳನ್ನು ಹಾಗೇ ಎಸೆಯುತ್ತಿರಲಿಲ್ಲ. ಕೆಲವನ್ನು ಹೆಣೆದು ಕಾಲೊರಸು ಮಾಡುತ್ತಿದ್ದರು. ಕೆಲವನ್ನು ನಾರು ನಾರಾಗಿ ಬಿಡಿಸಿ, ಡಾಂಬರಿನಲ್ಲಿ ಅದ್ದಿ, ಹಲಗೆಗಳ ನಡುವಿನ ಸಂದಿಗೆ ತುರುಕಿ ನೀರು ಬಾರದಂತೆ ಮಾಡುತ್ತಿದ್ದರು. ತಿಂಗಳುಗಟ್ಟಲೆ ತಿನ್ನಬೇಕಾದ ಉಪ್ಪು ಹಚ್ಚಿದ ಮಾಂಸ ಆ ಹಗ್ಗದಷ್ಟೇ ಗಟ್ಟಿಯಾಗಿರುತ್ತಿತ್ತಂತೆ. ಅದನ್ನೂ ಬೇಸರದಲ್ಲಿ ಜಂಕ್ ಎಂದೇ ಕರೆದರು. ಮುಂದೆ ಹಡಗಿನ ಹಳೇ ಸಾಮಾನೆಲ್ಲ ಜಂಕ್ ಆಯಿತು, ದಡಕ್ಕೆ ಬಂದು ಊರಿನ ಗುಜರಿಯೆಲ್ಲ ಜಂಕ್ ಆಯಿತು.

"ಶಾಣ್ಯಾರಿದ್ರು ಬಿಡು," ಅಂದ ಬಸು. "ಏನೂ ಹಾಳು ಮಾಡ್ತಿರಲಿಲ್ಲ."

"ಹೌದಪಾ, ಒಂದು ನಾರೂ ಹಾಳು ಮಾಡ್ತಿರಲಿಲ್ಲ," ಎಂದು ನಾನೂ ಹೆಮ್ಮೆಯಿಂದ ಹೇಳಿದೆ.

ರೇ ರೋಡ್ ಸ್ಟೇಷನ್ನಿನಿಂದ ದಾರೂಖಾನಾಕ್ಕೆ ನಡೆದೇ ಹೋದೆವು. ದಾರಿಯುದ್ದಕ್ಕೂ ಕಬ್ಬಿಣ. ಒಂದು ಅಂಗಡಿಯ ಮುಂದೆ ಲಂಗರು ಬಿದ್ದಿತ್ತು. ಅದರ ಒಂದು ಕೊಂಡಿಯೇ ನನ್ನ ಸೊಂಟದೆತ್ತರ. ಇನ್ನೊಂದರ ಮುಂದೆ ಗುಂಡು ಕಿಟಕಿಗಳು, ಮತ್ತೊಂದರಲ್ಲಿ ಹಡಗಿನ ಅಡುಗೆಮನೆಯ ಪಾತ್ರೆಗಳು. ಗ್ಯಾಸ್ ಕಟ್ಟರಿನ ಕಿಡಿ ಹಾರಿ ರಸ್ತೆಗೇ ಬೀಳುತ್ತಿತ್ತು. ದೂರದ ಕೆಸರಿನಲ್ಲಿ ಒಂದು ಹಡಗು ಅರ್ಧ ಮಾತ್ರ ಉಳಿದು ನಿಂತಿತ್ತು. ಅಷ್ಟು ದೊಡ್ಡದನ್ನು ಮನುಷ್ಯರು ಕೈಯಿಂದ ಕೊಯ್ಯುತ್ತಾರೆ ಎಂದು ಕಣ್ಣಾರೆ ಕಂಡು ನಾನು ಬಾಯಿ ಬಿಟ್ಟುಕೊಂಡು ನಿಂತೆ.

ಹಗ್ಗದ ಗೋಡೌನು ಖಾದರ್ ಸಾಬ್ ಎನ್ನುವವರದು. ಮೂಲ ನಮ್ಮ ವಿಜಯಪುರದವರೇ, ಅಜ್ಜನ ಕಾಲಕ್ಕೆ ಬಂದು ನೆಲೆಸಿದವರು. ನಾನು ಇಂಡಿಯವಳೆಂದು ತಿಳಿದದ್ದೇ ತಡ, "ಆವೋ ಬಾಯಿ, ಬೈಠೋ. ನಮ್ದು ಊರಿನ ಮಂದಿ ಬಂದ್ರ ಖುಷಿ ಆಗ್ತದ ನೋಡ್ರಿ," ಎಂದು ಫ್ಯಾನಿನ ಕೆಳಗೆ ಕುರ್ಚಿ ಹಾಕಿಸಿದರು. ಒಳಗೆ ಛಾವಣಿಯವರೆಗೂ ಹಗ್ಗದ ಸುರುಳಿಗಳು. ಕೆಲವು ನನ್ನ ತೊಡೆಯಷ್ಟು ದಪ್ಪ. ಹಳೇ ಕಾಲದ ನಾರಿನವಲ್ಲ, ಎಲ್ಲ ನೈಲಾನು, ಪ್ಲಾಸ್ಟಿಕ್ಕಿನವು. ಅಂಗಳದಲ್ಲಿ ನಾಲ್ಕು ಜನ ಅಂಥ ಒಂದು ದಪ್ಪ ಹಗ್ಗದ ಹುರಿ ಬಿಚ್ಚುತ್ತಿದ್ದರು. ಒಂದು ಹಗ್ಗ ಬಿಚ್ಚಿದರೆ ಮೂರು ಎಳೆ. ಒಂದೊಂದು ಎಳೆಯೂ ಸ್ವತಃ ಒಂದು ಹಗ್ಗದಷ್ಟಿತ್ತು. ಹಾಗೆ ಬಿಚ್ಚಿದ ಎಳೆಗಳನ್ನು ಕಿಲೋ ಲೆಕ್ಕದಲ್ಲಿ ಮಾರುತ್ತಾರಂತೆ, ಲಾರಿಯ ಮೂಟೆ ಬಿಗಿಯಲಿಕ್ಕೆ, ತಾಡಪತ್ರಿ ಕಟ್ಟಲಿಕ್ಕೆ.

ನಾನು ಒಂದು ತುಂಡನ್ನು ಕೈಯಲ್ಲಿ ಹಿಡಿದು ಇದೇ ನನ್ನ ಜಂಕ್ ಎಂದು ಸಂಭ್ರಮಪಡುತ್ತಿದ್ದಾಗ ಖಾದರ್ ಸಾಬ್ ಬಸುನನ್ನು ಕೇಳಿದರು. "ಕ್ಯೂಂ ಬಸುಭಾಯ್, ಹ್ವಾದ ವರ್ಷ ಎರಡು ಎಳಿ ಒಯ್ದಿದ್ರೆಲ್ಲಾ, ಝೂಲಾಕ್ಕ. ಇನ್ನೂ ಅದರ ಮ್ಯಾಲೇ ಇಳೀತೀರೇನು?"

ಬಸು ಕಣ್ಸನ್ನೆ ಮಾಡಿದ. ಅವರಿಗೆ ಅದು ತಿಳಿಯಲಿಲ್ಲ.

"ಝೂಲಾ ಅಂದ್ರ?" ಅಂದೆ.

"ಅರೇ, ಹಲಗಿ, ಬಾಯಿ. ಮ್ಯಾಲಿಂದ ಹಗ್ಗ ಬಿಟ್ಟು, ಅದಕ್ಕ ಹಲಗಿ ಕಟ್ಟಿ, ಅದರ ಮ್ಯಾಲ ಕುಂತು ಪೇಂಟ್ ಮಾಡ್ತಾರ. ನಿಮ್ಮ ತಮ್ಮ ಅದರಾಗ ಉಸ್ತಾದ್ ಇದಾನ."

ಕೈಯಲ್ಲಿದ್ದ ಹಗ್ಗದ ತುಂಡು ಕೆಳಗೆ ಬಿತ್ತು. ಈಗ ತಾನೇ ರೈಲಿನಲ್ಲಿ ನಾನೇ ಹೇಳಿದ್ದೆ, ಶಕ್ತಿ ಹೋದ ಹಗ್ಗಕ್ಕೆ ಜಂಕ್ ಎನ್ನುತ್ತಾರೆ ಎಂದು. ಆ ಹಗ್ಗಕ್ಕೆ ನನ್ನ ತಮ್ಮ ಹನ್ನೆರಡು ಮಾಳಿಗೆಯ ಮೇಲಿನಿಂದ ಜೋತುಬೀಳುತ್ತಾನೆ. "ನೀವು ಹ್ಯಾಂಗ ಮಾರಿದ್ರಿ?" ಎಂದು ಖಾದರ್ ಸಾಬರ ಮೇಲೆ ಹರಿಹಾಯ್ದೆ. ಅವರು ಗಡ್ಡ ಸವರಿಕೊಂಡು, "ಕಟ್ಟಲಿಕ್ಕ ಅಂತ ಮಾರ್ತೇನ್ರಿ ನಾ. ಜೋತುಬೀಳಲಿಕ್ಕ ನಕ್ಕೋ ಅಂತ ಇವ್ರಿಗೆ ಎಷ್ಟು ಸಲ ಹೇಳಿಲ್ಲ, ಕೇಳ್ರಿ," ಅಂದರು. ಬಸು ನೆಲ ನೋಡುತ್ತಿದ್ದ. ಚಹಾ ಬಂದಿತ್ತು, ಕುಡಿಯಲಾಗಲಿಲ್ಲ.

ಮೂರನೆಯ ದಿನ ನಾನು ಘಾಟ್ಕೋಪರಿಗೆ ಹೋದೆ. ಬರಬೇಡ ಎಂದು ಬಸು ಗೋಗರೆದ. ಶೋಭಾ ಬರಲಿಲ್ಲ. "ನಾ ಒಮ್ಮೆ ನೋಡೇನ್ರಿ ಅಕ್ಕಾರ. ಎಂಟು ದಿನ ತುತ್ತು ಇಳೀಲಿಲ್ಲ. ಅಂದಿನಿಂದ ಆ ಕಡೆ ಹೋಗಿಲ್ಲ," ಅಂದಳು. ಸ್ಟೇಷನ್ನಿನಿಂದ ಹತ್ತು ನಿಮಿಷದ ದಾರಿಯಲ್ಲಿ ಆ ಹೌಸಿಂಗ್ ಸೊಸೈಟಿ ಇತ್ತು. ಬಸು ಟೆರೇಸಿಗೆ ಹೋದ. ನಾನು ಕೆಳಗೆ, ಕಾರು ನಿಲ್ಲಿಸುವ ಜಾಗದಲ್ಲಿ ಕತ್ತು ಮೇಲೆತ್ತಿ ನಿಂತೆ.

ಮೊದಲು ಹಗ್ಗ ಇಳಿಯಿತು. ಆಮೇಲೆ ಕಟ್ಟೆಯ ಅಂಚಿನಿಂದ ಎರಡು ಕಾಲು ಹೊರಗೆ ಬಂದವು. ಆ ಕಾಲು ಯಾರವೆಂದು ಅಷ್ಟು ಕೆಳಗಿನಿಂದಲೂ ನನಗೆ ಗೊತ್ತಾಯಿತು. ಅವನು ಹಲಗೆಯ ಮೇಲೆ ಕುಳಿತ, ಬಣ್ಣದ ಡಬ್ಬಿ ಪಕ್ಕಕ್ಕೆ ಸಿಗಿಸಿಕೊಂಡ, ಗೋಡೆಗೆ ಕಾಲು ಕೊಟ್ಟು ಒಂದು ತೂಗು ತೂಗಿದ. ಅಲ್ಲಿದ್ದ ಸ್ಕೂಟರಿನ ಸೀಟು ಹಿಡಿದುಕೊಂಡೆ. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸೊಬ್ಬಳು ಅವನಿಗೆ ಏನೋ ಹೇಳಿದಳು, ಅವನು ನಕ್ಕ. ಅವಳ ಸೀರೆಗೆ ಬಣ್ಣ ಸಿಡಿಯಬಾರದಂತೆ. ಎರಡು ಮಾಳಿಗೆ ಮುಗಿಸಿ, ನನ್ನ ಮುಖ ನೋಡಿಯೇ ಇರಬೇಕು, ಅವನು ಸೀದಾ ಕೆಳಗೆ ಇಳಿದುಬಿಟ್ಟ.

"ಬೆಲ್ಟು ಐತಿ ಅಕ್ಕಾ, ನೋಡಿಲ್ಲಿ," ಎಂದು ಸೊಂಟದ ಪಟ್ಟಿ ತೋರಿಸಿದ. ಪಟ್ಟಿಯೇನೋ ಹೊಸದು. ಅದರ ಕೊಂಡಿಯನ್ನು ಸಿಗಿಸಿದ್ದದ್ದು ಅದೇ ಹಗ್ಗಕ್ಕೆ.

"ಹಗ್ಗ ಹರಿದ್ರ ಬೆಲ್ಟು ಏನ್ ಮಾಡ್ತದೋ ಮೂಳ?"

"ಹರಿಯಂಗಿಲ್ಲ. ಹಡಗ ಹಿಡಿದಿದ್ದ ಹಗ್ಗ ಇದು. ಸಮುದ್ರದಾಗ ಹಡಗನ್ನ ಹಿಡಿದು ನಿಲ್ಲಿಸೈತಿ. ನನ್ನ ಹಿಡಿಯಂಗಿಲ್ಲೇನು? ನಾ ಎಷ್ಟು ಭಾರ ಅದೇನಿ?"

ಅವನು ಅದನ್ನು ನಂಬಿಯೇ ಹೇಳುತ್ತಿದ್ದ. ಅಲ್ಲಿದ್ದ ಅವನ ಜೊತೆಗಾರರೂ ತಲೆಯಾಡಿಸಿದರು. ಹೊಸ ಹಗ್ಗ ಮೈ ಬಿಟ್ಟಿರುವುದಿಲ್ಲ, ಹಲಗೆಯನ್ನು ಗರಗರ ತಿರುಗಿಸುತ್ತದೆ, ಹಳೆಯದಾದರೆ ಹೇಳಿದಂತೆ ಕೇಳುತ್ತದೆ ಎಂದರು. ಹಗ್ಗದ ತುದಿಯಲ್ಲಿ ಕುಂಕುಮ ಹಚ್ಚಿತ್ತು, ಒಣಗಿದ ಚೆಂಡು ಹೂವೊಂದು ಸಿಕ್ಕಿಕೊಂಡಿತ್ತು. ಮೊನ್ನೆ ಖಂಡೇಪೂಜೆಯಲ್ಲಿ ಇಟ್ಟದ್ದಂತೆ. ಊರಿನಲ್ಲಿ ಕುಡಗೋಲು ಕೊಡಲಿ ಇಟ್ಟು ಪೂಜಿಸುವ ಕಡೆ ಇವರು ಹಗ್ಗ ಇಟ್ಟು ಪೂಜಿಸುತ್ತಾರೆ.

"ಹಡಗ ಹಿಡಿದಿದ್ದು ಮೂರು ಎಳಿ ಕೂಡಿ," ಅಂದೆ. "ನೀ ಕುಂತಿರೂದು ಒಂದರ ಮ್ಯಾಲ. ಅದೂ ಮುಪ್ಪಾದ ಮ್ಯಾಲ." ನನಗೆ ಅಳು ಬರುತ್ತಿತ್ತು. ಅತ್ತರೆ ಮಾತು ಸಡಿಲಾಗುತ್ತದೆಂದು ಸಿಟ್ಟು ಮಾಡಿದೆ. "ಮರಳ ಕಟ್ಟಿ ತೋರಸು. ಎರಡು ಆಳಿನ ಭಾರ. ಹಿಡೀತಂದ್ರ ನಾ ಬಾಯಿ ಮುಚ್ಕೊಂಡು ಊರಿಗೆ ಹೋಗ್ತೇನಿ."

ಸೊಸೈಟಿಯ ಮೂಲೆಯಲ್ಲಿ ರಿಪೇರಿಯ ಮರಳು ಬಿದ್ದಿತ್ತು. ಚೀಲಗಳಿಗೆ ತುಂಬಿ, ಒಂದು ಡ್ರಮ್ಮಿನ ಮೇಲೆ ಪೇರಿಸಿ, ಟೆರೇಸಿನಿಂದ ಇಳಿದಿದ್ದ ಹಗ್ಗವನ್ನು ಬಿಗಿಯಾಗಿ ಕಟ್ಟಿ, ಡ್ರಮ್ಮನ್ನು ಎಳೆದುಬಿಟ್ಟರು. ಚೀಲಗಳು ಜಗ್ಗಿದವು, ನೆಲಕ್ಕೆ ಒಂದು ಗೇಣು ಬಾಕಿ ಇರುವಾಗ ನಿಂತವು. ತೂಗಾಡಿದವು. ಹಗ್ಗ ಹಿಡಿಯಿತು.

"ನೋಡಿದಿ?" ಅಂದ ಬಸು. ಜೊತೆಗಾರರು ನಕ್ಕರು. ನನಗೆ ಸೋತದ್ದಕ್ಕೆ ಸಂತೋಷವೇ ಆಯಿತು, ನಿಜ ಹೇಳಬೇಕೆಂದರೆ. ವಾಚ್‌ಮನ್ ಕೊಟ್ಟ ಸ್ಟೂಲಿನ ಮೇಲೆ ಕುಳಿತೆ. ಚಹಾ ತರಿಸಿದರು. ಬಸು ಒಂದು ಗುಟುಕು ಕುಡಿದು, ಚೀಲ ಬಿಚ್ಚಲೆಂದು ಎದ್ದ. ನಾಲ್ಕು ಹೆಜ್ಜೆ ಹೋಗಿರಬೇಕು. ಮೇಲೆ ಫಟ್ ಎಂದು ಒಂದು ಸದ್ದು. ಚೀಲಗಳು ಧೊಪ್ಪನೆ ಬಿದ್ದು ಒಡೆದವು, ಹಿಂದೆಯೇ ಇಡೀ ಹಗ್ಗ ಸುರುಳಿ ಸುರುಳಿಯಾಗಿ ಬಂದು ಮರಳಿನ ಮೇಲೆ ಬಿತ್ತು.

ಬಸುನ ಕೈಯಲ್ಲಿದ್ದ ಗ್ಲಾಸು ಓರೆಯಾಗಿ ಚಹಾ ಅವನ ಕಾಲ ಮೇಲೆಯೇ ಸುರಿಯುತ್ತಿತ್ತು, ಅವನಿಗೆ ಖಬರಿರಲಿಲ್ಲ. ನಾನು ಹೋಗಿ ಹರಿದ ತುದಿಯನ್ನು ಎತ್ತಿ ಹುರಿ ಬಿಡಿಸಿದೆ. ಹೊರಗೆ ಹಸಿರು, ಒಳಗೆಲ್ಲ ಬಿಳೀ ಪುಡಿ. ಬೆರಳಲ್ಲಿ ಒತ್ತಿದರೆ ಉದುರುತ್ತಿತ್ತು. ಸ್ವಲ್ಪ ಹೊತ್ತಿನ ಹಿಂದೆ ಅವನು ಅದರ ಮೇಲೆ ಕುಳಿತು ನಕ್ಕಿದ್ದ. ಅಲ್ಲಿಯೇ ಮರಳಿನ ಮೇಲೆ ಕುಳಿತುಬಿಟ್ಟೆ. ಬಸು ಬಂದು ಪಕ್ಕದಲ್ಲಿ ಕುಳಿತ. "ಶೋಭಾಗ ಹೇಳಬ್ಯಾಡ," ಅಂದ.

ಅದೇ ಸಂಜೆ ಇಬ್ಬರೂ ಪೇಟೆಗೆ ಹೋಗಿ ಮನುಷ್ಯರ ಭಾರಕ್ಕೆಂದೇ ಮಾಡಿದ ಹಗ್ಗ ಕೊಂಡೆವು. ಒಂದು ಕೂಡ್ರಲಿಕ್ಕೆ, ಇನ್ನೊಂದು ಬೆಲ್ಟಿಗೆ. ಮರುದಿನ ಅವನು ಅದರ ಮೇಲೆ ಇಳಿದ. ಹಲಗೆ ತಿರುಗಿತು, ಅವನು ಬೈದ, ನಾನು ಕೆಳಗೆ ನಿಂತು ಕೇಳಿಸಿಕೊಂಡೆ. ಬೈಗುಳ ಅಷ್ಟು ಹಿತವಾಗಿ ಕೇಳಿಸಿದ್ದು ಜನ್ಮದಲ್ಲಿ ಮೊದಲು.

ಹೊರಡುವ ದಿನ ದಾದರಿನಿಂದ ಮಧ್ಯಾಹ್ನದ ರೈಲು ಹಿಡಿಯಬೇಕಿತ್ತು. ಸೋಲಾಪುರದ ತನಕ ರೈಲು, ಅಲ್ಲಿಂದ ಬಸ್ಸು. ಬಸು ಜೊತೆಗೆ ಬಂದ. ಬೇಗ ತಲುಪಿದ್ದರಿಂದ ಸ್ಟೇಷನ್ನಿನ ಹೊರಗೆ ವಡಾಪಾವ್ ತಿಂದೆವು, ಶಾಲೆಯ ಮಕ್ಕಳಿಗೆಂದು ಪೆನ್ಸಿಲ್ ಕೊಂಡೆವು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕುಳಿತು ಶನಿವಾರದ ಪಾಠವನ್ನು ಮನಸ್ಸಿನಲ್ಲಿಯೇ ಜೋಡಿಸುತ್ತಿದ್ದೆ. ಹಡಗು, ಹಗ್ಗ, ಮೂರು ಎಳೆ. ಆಗ ಹೊಳೆಯಿತು. ಖಾದರ್ ಸಾಬ್ ಎರಡು ಎಳೆ ಎಂದಿದ್ದರು.

"ಬಸು, ಇನ್ನೊಂದು ಎಳಿ ಎಲ್ಲಿ?"

"ಅದಾ? ಮಲ್ಲಪ್ಪಗ ಕೊಟ್ಟೆ, ನಿನ್ನೆ ಸಂಜಿಗೆ. ನಿಡಗುಂದಿ ಕಡೆಯಾವ. ವಿಲೆ ಪಾರ್ಲೆದಾಗ ಕೆಲಸ ಹಿಡಿದಾನ."

ನನ್ನ ಮುಖ ಕಂಡು ಅವನು ಅವಸರದಲ್ಲಿ ಸೇರಿಸಿದ. "ಹರಿದದ್ದಲ್ಲಕ್ಕಾ. ಇದು ಚಲೋದು. ಒಮ್ಮೆನೂ ಬಳಸಿದ್ದಿಲ್ಲ, ಹಂಗs ಇತ್ತು ಮೂಲ್ಯಾಗ."

"ಅದೇ ಹಗ್ಗದ ಎಳಿ ಅಲ್ಲೇನೋ ಅದು! ಹಡಗಿನ ಮ್ಯಾಲ ಅದರ ಜೋಡೀನೇ ಬಿಸಲಿಗೆ ಬಿದ್ದದ್ದಲ್ಲೇನು?"

"ಅದನ್ನೂ ಪೂಜಿಗಿಟ್ಟಿದ್ದೆ, ಕಸಕ್ಕ ಹ್ಯಾಂಗ ಒಗೀಲಿ? ಮತ್ತ ನೀನ ಹೇಳಿದ್ದೆಲ್ಲಾ. ಹಡಗಿನ್ಯಾವ್ರು ಒಂದು ನಾರೂ ಹಾಳು ಮಾಡ್ತಿರಲಿಲ್ಲ ಅಂತ."

ಹೇಳಿದ್ದು ನಾನೇ. ಹೇಳುವಾಗ ಕಾಲೊರಸಿನ ಬಗ್ಗೆ, ಡಾಂಬರಿನ ಬಗ್ಗೆ ರಸವತ್ತಾಗಿ ಹೇಳಿದ್ದೆ. ಮೊದಲು ತುಂಡು ಮಾಡುತ್ತಿದ್ದರು ಎಂಬುದನ್ನು ನಡುವೆ ಒಂದು ಮಾತಿನಲ್ಲಿ ಮುಗಿಸಿದ್ದೆ. ಬಸು ಮಲ್ಲಪ್ಪನಿಗೆ ಫೋನು ಹಚ್ಚಿದ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಹಚ್ಚಿದ. ಝೂಲಾದ ಮೇಲೆ ಹೋಗುವವರು ಫೋನು ಕೆಳಗೆ ಇಟ್ಟು ಹೋಗುತ್ತಾರಂತೆ.

ನನ್ನ ರೈಲು ಬರುತ್ತಿದೆ ಎಂದು ಮೈಕಿನಲ್ಲಿ ಹೇಳುತ್ತಿದ್ದರು. ನಾವು ಚೀಲ ಹೊತ್ತುಕೊಂಡು ಸೇತುವೆ ಹತ್ತಿ ವೆಸ್ಟರ್ನ್ ಲೈನಿನ ಕಡೆ ಓಡಿದೆವು. ಈ ಸಲ ನನ್ನನ್ನು ಯಾರೂ ದೂಡಬೇಕಾಗಲಿಲ್ಲ. ಮಾಟುಂಗಾ ರೋಡ್, ಮಾಹಿಮ್, ಬಾಂದ್ರಾ. ಒಂದೊಂದು ಸ್ಟೇಷನ್ನಿನಲ್ಲಿ ಗಾಡಿ ನಿಂತಾಗಲೂ ನನಗೆ ಡ್ರೈವರನನ್ನು ಬಡಿಯಬೇಕೆನಿಸುತ್ತಿತ್ತು. ವಿಲೆ ಪಾರ್ಲೆಯಲ್ಲಿ ಇಳಿದು ರಿಕ್ಷಾ ಹಿಡಿದೆವು.

ಒಂಬತ್ತು ಮಾಳಿಗೆಯ ಬಿಲ್ಡಿಂಗು ಅದು. ಗೇಟಿನ ವಾಚ್‌ಮನ್ನನ ಟೇಬಲ್ಲಿನ ಮೇಲೆ ಒಂದು ಫೋನು ಬಡಿದುಕೊಳ್ಳುತ್ತಿತ್ತು, ಬಸು ಇನ್ನೂ ಹಚ್ಚುತ್ತಲೇ ಇದ್ದನಲ್ಲ. "ಮಲ್ಲಪ್ಪಾ? ಊಪರ್ ಹೈ. ಪಾಂಚ್ ಬಜೇ ಉತರೇಗಾ," ಮೇಲಿದ್ದಾನೆ, ಐದಕ್ಕೆ ಇಳಿಯುತ್ತಾನೆ ಅಂದ ವಾಚ್‌ಮನ್.

ಮೇಲೆ ಏಳನೆಯ ಮಾಳಿಗೆಯ ಹತ್ತಿರ ಬನಿಯನ್ ಹಾಕಿದ ಒಬ್ಬ ಮನುಷ್ಯ ಹಲಗೆಯ ಮೇಲೆ ಕುಳಿತು ಗೋಡೆ ಕೆರೆಯುತ್ತಿದ್ದ. ಹಗ್ಗ ಹಸಿರು. ಬಸು ಲಿಫ್ಟಿನ ಕಡೆ ಓಡಿದ. ನಾನು ಕೆಳಗಿನಿಂದ, "ಮಲ್ಲಪ್ಪಣ್ಣಾ!" ಎಂದು ಇದ್ದಷ್ಟು ಗಂಟಲಿನಿಂದ ಕೂಗಿದೆ. ಅದೇ ಹೊತ್ತಿಗೆ ತಲೆಯ ಮೇಲೆಯೇ ಒಂದು ವಿಮಾನ ಇಳಿಯಿತು. ಅದರ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಿಸಲಿಲ್ಲ. ಅವನು ಆರಾಮಾಗಿ ಕೆರೆಯುತ್ತಿದ್ದ. ಒಮ್ಮೆ ಹಲಗೆಯ ಮೇಲೆಯೇ ಬಗ್ಗಿ ದೂರದ ಮೂಲೆಗೆ ಕೈ ಚಾಚಿದ, ಹಗ್ಗ ಅವನ ಜೊತೆಗೆ ಓರೆಯಾಯಿತು.

ಬಸು ಟೆರೇಸಿನ ಅಂಚಿನಲ್ಲಿ ಕಾಣಿಸಿಕೊಂಡ. ಅವರ ಮಾತು ನನಗೆ ಕೇಳುತ್ತಿರಲಿಲ್ಲ. ಮಲ್ಲಪ್ಪ ಮೇಲೆ ನೋಡಿ ಮೊದಲು ನಕ್ಕ. ಆಮೇಲೆ ನಗುವುದನ್ನು ನಿಲ್ಲಿಸಿದ. ಸುತ್ತ ನೋಡಿದ. ಪಕ್ಕದಲ್ಲಿಯೇ ಒಂದು ಕಿಟಕಿಯಿತ್ತು. ಕಿಟಕಿಗೆ ಕಬ್ಬಿಣದ ಗ್ರಿಲ್ಲು. ಅದರ ಕೆಳಗಿನದಕ್ಕೂ ಗ್ರಿಲ್ಲು. ಇಡೀ ಬಿಲ್ಡಿಂಗಿಗೆ ಕಳ್ಳರು ಬಾರದಂತೆ ಗ್ರಿಲ್ಲು. ಒಳಗೆ ಹೋಗಲು ದಾರಿಯಿರಲಿಲ್ಲ, ಬೇರೆ ಹಗ್ಗವಿರಲಿಲ್ಲ. ಇಳಿಯಬೇಕೆಂದರೆ ಅದೇ ಹಗ್ಗದ ಮೇಲೆ ಇಳಿಯಬೇಕು.

ಅವನು ಇಳಿಯತೊಡಗಿದ. ಗಂಟು ಸಡಿಲಿಸಿ ಒಂದು ಮೊಳ, ನಿಂತು ಉಸಿರು ಬಿಟ್ಟು ಮತ್ತೆ ಒಂದು ಮೊಳ. ಸಿಕ್ಕ ಗ್ರಿಲ್ಲನ್ನೆಲ್ಲ ಒಂದು ಕೈಯಿಂದ ಹಿಡಿದುಕೊಂಡು, ಭಾರವನ್ನು ಆದಷ್ಟು ಅದರ ಮೇಲೆ ಹಾಕಿ ಇಳಿಯುತ್ತಿದ್ದ. ಐದನೆಯ ಮಾಳಿಗೆಯಲ್ಲಿ ಒಬ್ಬ ಅಜ್ಜಿ ಕಿಟಕಿ ತೆರೆದು ಅವನು ಗ್ರಿಲ್ಲು ಹಿಡಿದದ್ದಕ್ಕೆ ಬೈದಳು. ಮೂರನೆಯ ಮಾಳಿಗೆಯ ಕೆಳಗೆ ಕಿಟಕಿಗಳೇ ಇರಲಿಲ್ಲ, ಬರೀ ಗೋಡೆ. ಅಲ್ಲಿ ಅವನು ತುಸು ಹೊತ್ತು ನಿಂತ. ನಾನು ಕಣ್ಣು ಮುಚ್ಚಬೇಕೆಂದರೂ ರೆಪ್ಪೆ ಮುಚ್ಚಲಿಲ್ಲ. ಆಮೇಲೆ ಅವನ ಕಾಲು ನೆಲ ಮುಟ್ಟಿತು.

ಐವತ್ತರ ಹತ್ತಿರದ ಮನುಷ್ಯ, ಕಿವಿಯ ಮೇಲೆಲ್ಲ ಸುಣ್ಣದ ಧೂಳು. ಇಳಿದವನೇ ಸಿಟ್ಟಾದ. "ಯಾರ್ರಿ ನೀವು? ಜೀವಾನs ಹಾರಿಸಿಬಿಟ್ರೆಲ್ಲಾ! ಬೆಳಿಗ್ಗಿಂದ ಇದರ ಮ್ಯಾಲ ಅದೇನಿ, ಏನಾಗೇತಿ ಇದಕ್ಕ?"

"ನಾ ಬಸುನ ಅಕ್ಕ. ಕೂಡ್ರಪಾ ಇಲ್ಲಿ," ಎಂದು ಅವನ ಕೈ ಹಿಡಿದು ಕೂರಿಸಿದೆ. ಅಷ್ಟರಲ್ಲಿ ಬಸು ಟೆರೇಸಿನಲ್ಲಿ ಹಗ್ಗ ಬಿಚ್ಚಿ ಕೆಳಗೆ ಬಿಟ್ಟು, ತಾನೂ ಇಳಿದು ಬಂದ. ಟೆರೇಸಿನ ಅಂಚಿಗೆ ಉಜ್ಜುತ್ತಿದ್ದ ಕಡೆ ಹುಡುಕಿ ಹುರಿ ಬಿಡಿಸಿ ತೋರಿಸಿದ. ಒಳಗೆ ಅದೇ ಬಿಳೀ ಪುಡಿ. ಹಿಡಿದು ಜಗ್ಗಿದರೆ ಕೈಯಲ್ಲಿಯೇ ಅರ್ಧ ನಾರು ಹರಿದು ಬಂತು. ಮಲ್ಲಪ್ಪ ಅದನ್ನು ನೋಡಿದ, ಮೇಲೆ ನೋಡಿದ, ಮತ್ತೆ ಅದನ್ನು ನೋಡಿದ. ಅವನಿಗೆ ವಾಂತಿ ಬಂತು. ಹೂಗಿಡದ ಪಕ್ಕಕ್ಕೆ ಹೋಗಿ ಮಾಡಿಕೊಂಡು ಬಂದು, ಬಾಯಿ ತೊಳೆದುಕೊಂಡು, ಗೋಡೆಗೆ ಒರಗಿದ.

ಬಸು ಅವನೆದುರು ಕುಕ್ಕರುಗಾಲಲ್ಲಿ ಕುಳಿತು, "ತಪ್ಪಾತೋ ಮಾವಾ. ನಾಳಿಂದ ನನ್ನ ಹೊಸಾ ಹಗ್ಗದ ಮ್ಯಾಲ ಇಬ್ರೂ ಪಾಳಿ ಹಚ್ಚೂಣು," ಅಂದ. ಮಲ್ಲಪ್ಪ ತಲೆಯಾಡಿಸಿದ.

ನಾನು ವಾಚ್‌ಮನ್ನನ ಹತ್ತಿರ ಹ್ಯಾಕ್ಸಾ ಬ್ಲೇಡು ಇಸಕೊಂಡು ಬಂದೆ. "ಪೂಜಿ ಮಾಡಿದ್ದು ಅಕ್ಕಾರ, ಕೊಯ್ಯಬಾರ್ದು," ಎಂದ ಮಲ್ಲಪ್ಪ, ಮೆಲ್ಲಗೆ. ನಾನು ಕೇಳಲಿಲ್ಲ. ಬಸು ಹಗ್ಗವನ್ನು ಬಿಗಿಯಾಗಿ ಹಿಡಿದ, ನಾನು ಕೊಯ್ದೆ, ಒಂದೊಂದು ಮಾರಿಗೆ ಒಂದು ತುಂಡು. ಪಕ್ಕದಲ್ಲಿ ಸೊಸೈಟಿಯ ನಾಲ್ಕು ಜನ ಬಂದು ನೋಡುತ್ತಾ ನಿಂತರು. ವಿಮಾನಗಳು ಇಳಿಯುತ್ತಲೇ ಇದ್ದವು. ಅಂಗೈಯಲ್ಲಿ ಬೊಬ್ಬೆ ಎದ್ದವು. ಕೊನೆಯ ತುಂಡು ಬೀಳುವವರೆಗೂ ನಾನು ತಲೆಯೆತ್ತಲಿಲ್ಲ. ಮುಗಿಯಿತು ಎಂದು ಉಸಿರು ಬಿಟ್ಟು ನೋಡಿದರೆ ಮಲ್ಲಪ್ಪ ತುಂಡುಗಳಲ್ಲಿ ಚೆನ್ನಾಗಿದ್ದವನ್ನು ಆರಿಸುತ್ತಿದ್ದ. ಎರಡನ್ನು ಉದ್ದಕ್ಕೆ ಜಗ್ಗಿ ನೋಡಿ, ಧೂಳು ಕೊಡವಿ, ಸುತ್ತಿ ಚೀಲದಲ್ಲಿ ಇಟ್ಟುಕೊಂಡ.

"ಅವು ಯಾಕಪಾ?"

"ಮಗಳು ಬಾಣಂತನಕ್ಕ ಬಂದಾಳ್ರಿ. ತೊಟ್ಟಲಾ ಕಟ್ಟಾಕ ಹಗ್ಗ ಬೇಕಾಗಿತ್ತು." ಅವನು ನನ್ನ ಮುಖ ನೋಡಿ, ಸಮಾಧಾನ ಮಾಡುವವನಂತೆ ಹೇಳಿದ. "ಕೂಸಿನ ಭಾರ ಎಷ್ಟಿರ್ತೈತ್ರಿ ಅಕ್ಕಾರ?"

ಬಸು ನನ್ನತ್ತ ನೋಡಿದ. ನಾನು ಮಲ್ಲಪ್ಪನ ಚೀಲಕ್ಕೆ ಕೈ ಹಾಕಿ ಅವೆರಡನ್ನೂ ಹೊರಗೆ ತೆಗೆದೆ, ಉಳಿದ ರಾಶಿಯನ್ನೂ ಹತ್ತಿರಕ್ಕೆ ಎಳೆದುಕೊಂಡೆ. ಮಾರುದ್ದದ ತುಂಡುಗಳನ್ನೆಲ್ಲ ಗೇಣುದ್ದ ಮಾಡಿ ಮುಗಿಸುವಷ್ಟರಲ್ಲಿ ನನ್ನ ರೈಲು ಪುಣೆ ದಾಟಿತ್ತು.